ಮಳೆಗಾಲದ ದ್ವೀಪ: ಹೇಮಾವತಿಯ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿ

ಸುತ್ತಲೂ ನೀರಿರುವ ನೆಲವು ಕಡಲಿನಲ್ಲಿದ್ದರೆ ಅದನ್ನು ದ್ವೀಪವೆಂದೂ, ಹೊಳೆಯ ಕವಲುಗಳ ನಡುವೆ ಇದ್ದರೆ ನಡುಗಡ್ಡೆಯೆಂದೂ ಕರೆಯುವ ವಾಡಿಕೆ ಕನ್ನಡದಲ್ಲಿದೆ. ಹಾಸನ ಪಟ್ಟಣದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಗೊರೂರು ಅಣೆಕಟ್ಟೆಯ ಹಿನ್ನೀರಿನ ಅಂಚಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಹಳೆಯ ಚರ್ಚಿಗೆ ಈ ಎರಡು ಹೆಸರುಗಳಲ್ಲಿ ಯಾವುದೂ ಪೂರ್ತಿಯಾಗಿ ಒಗ್ಗುವುದಿಲ್ಲ. ಬೇಸಿಗೆಯಲ್ಲಿ ಅದು ಬಿರುಕುಬಿಟ್ಟ ಕೆಸರುನೆಲದ ಮೇಲಿನ ಪಾಳುಗೋಡೆಗಳ ಗುಂಪಾಗಿದ್ದು, ಮುಂಗಾರು ಹಿಡಿದು ಜಲಾಶಯ ತುಂಬಿದ ಮೇಲೆ ನಾಲ್ಕೂ ಕಡೆ ನೀರಿನಿಂದ ಸುತ್ತುವರಿದು, ಕಮಾನುಗಳ ಮೇಲ್ಭಾಗವನ್ನಷ್ಟೇ ತೋರಿಸುತ್ತ ನಿಲ್ಲುತ್ತದೆ. ವರ್ಷದ ಕೆಲವೇ ತಿಂಗಳು ದ್ವೀಪವಾಗಿರುವ ಈ ಜಾಗವನ್ನು 'ಮುಳುಗುವ ಚರ್ಚು' ಎಂದು ಕರೆದು ನೋಡಲು ಬರುವವರಲ್ಲಿ ಅನೇಕರು ಇದನ್ನು ಯಾವುದೋ ಪುರಾತನ ಕಾಲದ ಅವಶೇಷವೆಂದು ಭಾವಿಸುತ್ತಾರೆ. ಇಲ್ಲಿ ಮದುವೆಯಾದವರು, ಇಲ್ಲಿ ದೀಕ್ಷಾಸ್ನಾನ ಪಡೆದವರು ಇನ್ನೂ ಬದುಕಿರುವಷ್ಟು ಹತ್ತಿರದ ಕಾಲದಲ್ಲಿ ಈ ಊರು ಬರಿದಾಯಿತೆಂಬುದನ್ನೂ, ಆ ಬರಿದಾಗುವಿಕೆಗೂ ಚನ್ನರಾಯಪಟ್ಟಣದ ಬಯಲಿನಲ್ಲಿ ಹರಿಯುವ ನಾಲೆಗೂ ನೇರ ಸಂಬಂಧವಿದೆಯೆಂಬುದನ್ನೂ ಅರಿಯದೆ ನೋಡಿದವರಿಗೆ ಇಲ್ಲಿ ಕಾಣುವುದು ಚಿತ್ರ ಮಾತ್ರ.

ಈ ಸೀಮೆಯ ನೆಲದ ವಯಸ್ಸು ಮನುಷ್ಯನ ಲೆಕ್ಕಕ್ಕೆ ಸುಲಭವಾಗಿ ಸಿಗುವಂಥದ್ದಲ್ಲ. ಗೊರೂರಿನ ಸುತ್ತ ಕಾಣುವ ಬೂದುಬಣ್ಣದ ಪಟ್ಟೆಗಲ್ಲನ್ನು, ಅಂದರೆ ಅಪಾರ ಒತ್ತಡ ಮತ್ತು ಶಾಖಕ್ಕೆ ಸಿಕ್ಕು ಬಿಳಿ-ಕಪ್ಪು ಖನಿಜಗಳು ಪದರಪದರವಾಗಿ ಬೇರ್ಪಟ್ಟ ಶಿಲೆಯನ್ನು, ಭೂವಿಜ್ಞಾನಿಗಳು 'ಗೊರೂರು ನೈಸ್' ಎಂದು ಕರೆಯುತ್ತಾರೆ; ಅದರ ವಯಸ್ಸು ಸುಮಾರು 330 ಕೋಟಿ ವರ್ಷವೆಂದು ಅಂದಾಜಾಗಿದ್ದು, ದಕ್ಷಿಣ ಭಾರತದ ಅತಿ ಹಳೆಯ ಶಿಲೆಗಳಲ್ಲಿ ಅದನ್ನು ಎಣಿಸಲಾಗುತ್ತದೆ. ಅದಕ್ಕೆ ತಾಗಿಕೊಂಡೇ ಇರುವ ಹೊಳೆನರಸೀಪುರದ ಶಿಲಾಪಟ್ಟಿಯೂ ಲೋಕದ ಭೂವಿಜ್ಞಾನದ ಬರಹಗಳಲ್ಲಿ ತನ್ನ ಹೆಸರಿನಿಂದಲೇ ಪರಿಚಿತವಾಗಿದೆ. ಹೋಲಿಕೆಗೆ ಹೇಳುವುದಾದರೆ, ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಹೆಸರಾಂತ ಕಂಬಗಲ್ಲುಗಳು ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ ಲಾವಾರಸದಿಂದ ಮೂಡಿದವು ಮತ್ತು ಅವುಗಳ ವಯಸ್ಸು ಸುಮಾರು 9 ಕೋಟಿ ವರ್ಷ. ಗೊರೂರಿನ ಕಲ್ಲಿನ ಮುಂದೆ ಅವು ನಿನ್ನೆ ಮೊನ್ನೆಯ ಕೂಸುಗಳು. ಕಡಲಿನ ದ್ವೀಪವನ್ನು ಅದರ ಕಲ್ಲಿಗಾಗಿಯೇ ನೋಡಲು ಹೋಗುವ ಹಾಸನದವರು ತಮ್ಮ ಕಾಲಡಿಯ ಈ ಬಂಡೆಯ ಮೇಲೆ ದಿನವೂ ನಡೆದಾಡುತ್ತಿರುವುದು ಶಾಲೆಯ ಪಾಠದಲ್ಲಿಯೂ ಬರಬೇಕಾದ ಸಂಗತಿ.

ಇಷ್ಟು ಹಳೆಯ ಬಂಡೆಯ ಮೇಲೆ ಹರಿಯುವ ಹೇಮಾವತಿಯು ಪಶ್ಚಿಮ ಘಟ್ಟದಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಬಲ್ಲಾಳರಾಯನದುರ್ಗದ ಸೀಮೆಯಲ್ಲಿ ಹುಟ್ಟಿ, ಸಕಲೇಶಪುರವನ್ನು ಹಾದು, ಯಗಚಿಯನ್ನು ಕೂಡಿಕೊಂಡು, ಹೊಳೆನರಸೀಪುರದ ಮಗ್ಗುಲಲ್ಲಿ ಹರಿದು, ಸುಮಾರು 245 ಕಿಲೋಮೀಟರ್ ದಾರಿ ಸವೆಸಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಹೊಳೆ ಮತ್ತು ನರಸಿಂಹ ಎರಡನ್ನೂ ಹೆಸರಿನಲ್ಲೇ ಕಟ್ಟಿಕೊಂಡ ಹೊಳೆನರಸೀಪುರದ ಕೋಟೆಯನ್ನು 1168ರಲ್ಲಿ ನರಸಿಂಹನಾಯಕನೆಂಬ ಪಾಳೆಯಗಾರ ಕಟ್ಟಿದನೆಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಊರು ಹೊಳೆಯನ್ನು ನಂಬಿದ್ದರೂ ಹೊಳೆಯ ನೀರನ್ನು ಕೂಡಿಡುವ ಗೋಜಿಗೆ ಹಿಂದಿನವರು ಹೋಗಿರಲಿಲ್ಲ. ಅವರು ಕಟ್ಟುತ್ತಿದ್ದುದು 'ಕಟ್ಟೆ'. ಹೊಳೆಗೆ ಅಡ್ಡಲಾಗಿ ಬಂಡೆಗಳನ್ನು ಓರೆಯಾಗಿ ಹಾಕಿ, ನೀರಿನ ಮಟ್ಟವನ್ನು ಒಂದಾಳು ಎತ್ತರಕ್ಕೆ ಏರಿಸಿ, ಪಕ್ಕದ ನಾಲೆಗೆ ತಿರುಗಿಸಿ, ಮಿಕ್ಕ ಪ್ರವಾಹವನ್ನು ತನ್ನ ತಲೆಯ ಮೇಲೆಯೇ ಹರಿದುಹೋಗಲು ಬಿಡುವ ತಗ್ಗು ಒಡ್ಡಿಗೆ ಆ ಹೆಸರು. ಹೊಳೆನರಸೀಪುರದ ಬಳಿ ಹೇಮಾವತಿಗೆ ಕಟ್ಟಿದ ಶ್ರೀರಾಮದೇವರ ಕಟ್ಟೆ, ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಗೆ ಕಟ್ಟಿದ ಕಟ್ಟೇಪುರದ ಕಟ್ಟೆ ಇಂಥವು. ಇಂಥ ಕಟ್ಟೆಯಿಂದ ಯಾವ ಊರೂ ಮುಳುಗಲಿಲ್ಲ. ಆದರೆ ಅದರ ನಾಲೆಯ ನೀರು ಹೊಳೆಯ ಬದಿಯ ತಗ್ಗುಗದ್ದೆಗಳನ್ನು ದಾಟಿ ಮೇಲಕ್ಕೆ ಹತ್ತಲೂ ಇಲ್ಲ, ಹೊಳೆ ಬಡವಾದ ಬೇಸಿಗೆಯಲ್ಲಿ ಉಳಿಯಲೂ ಇಲ್ಲ.

ಆ ಮಿತಿಯ ಹೊರಗೆ ಉಳಿದದ್ದು ಚನ್ನರಾಯಪಟ್ಟಣದ ಸೀಮೆ. ಸಕಲೇಶಪುರದಲ್ಲಿ ವರ್ಷಕ್ಕೆ 2000 ಮಿಲಿಮೀಟರ್ ದಾಟಿ ಮಳೆ ಸುರಿದರೆ, ಘಟ್ಟದ ಮೋಡಗಳು ಬರಿದಾಗಿ ತಲಪುವ ಚನ್ನರಾಯಪಟ್ಟಣಕ್ಕೆ ಸಿಗುವುದು ಅದರ ಮೂರನೆಯ ಒಂದು ಭಾಗದ ಆಸುಪಾಸು. ಒಂದೇ ಜಿಲ್ಲೆಯ ಪಡುವಣ ತುದಿ ಮಲೆನಾಡು, ಮೂಡಣ ತುದಿ ರಾಗಿ ಬೆಳೆಯುವ ಬಯಲುಸೀಮೆ. ಎರಡರ ನಡುವೆ ಹರಿದು ತೆಂಕಣಕ್ಕೆ ಇಳಿದುಹೋಗುವ ಹೊಳೆಯ ನೀರು ಮೂಡಣದ ಕೆರೆಗಳಿಗೆ ಏರಬೇಕಾದರೆ ಅದನ್ನು ಎತ್ತರದಲ್ಲಿ ಹಿಡಿದು ನಿಲ್ಲಿಸುವುದೊಂದೇ ದಾರಿಯಾಗಿತ್ತು. ಶೆಟ್ಟಿಹಳ್ಳಿಯ ಗತಿಯನ್ನು ನಿರ್ಧರಿಸಿದ್ದು ಈ ಎತ್ತರದ ಲೆಕ್ಕ.

ಅದಕ್ಕೆ ಮೊದಲು ಶೆಟ್ಟಿಹಳ್ಳಿಗೆ ಚರ್ಚು ಬಂದ ಬಗೆಯನ್ನು ನೋಡಬೇಕು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸುವ ಕೆಲಸಕ್ಕೆ ಬಂದವನು ಫ್ರಾನ್ಸಿನ ಪಾದ್ರಿ ಅಬ್ಬೆ ದುಬ್ವಾ. 1792ರಲ್ಲಿ ಭಾರತಕ್ಕೆ ಬಂದು 1823ರಲ್ಲಿ ಮರಳಿದ ಈತ ಇಲ್ಲಿಯ ಉಡುಪು ತೊಟ್ಟು, ಇಲ್ಲಿಯ ಊಟ ಉಂಡು, ಜನರ ಬಾಯಲ್ಲಿ 'ದೊಡ್ಡ ಸ್ವಾಮಿಯವರು' ಎನಿಸಿಕೊಂಡಿದ್ದನು. ಸಿಡುಬಿಗೆ ದಾಕು ಹಾಕಿಸುವ ಕೆಲಸವನ್ನು ಮೈಸೂರಿನಲ್ಲಿ ಹರಡಿದವರಲ್ಲಿ ಅವನೂ ಒಬ್ಬ. ಹಿಂದೂ ಜನರ ಆಚಾರ ನಡವಳಿಕೆಗಳ ಬಗೆಗೆ ಅವನು ಬರೆದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯು ಕೊಂಡುಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚುಹಾಕಿಸಿದ್ದರಿಂದ ಅವನ ಹೆಸರು ಪುಸ್ತಕದ ಮೂಲಕ ಲೋಕಕ್ಕೆ ತಿಳಿದಿದೆ. ಆದರೆ ಹಾಸನದ ಸೀಮೆಗೆ ಅವನು ಬಿಟ್ಟುಹೋದದ್ದು ಪುಸ್ತಕವಲ್ಲ, ಬೇಸಾಯದ ನೆಲೆಗಳು. ನೆಲೆ ತಪ್ಪಿದ ಕುಟುಂಬಗಳನ್ನು ನೆಲ ಉಳುವಂತೆ ಒಂದೆಡೆ ಊರಿಸಿದ ಈ ನೆಲೆಗಳಲ್ಲಿ ಮುಖ್ಯವಾದುದು ಹಾಸನದ ಬಳಿ ಇತ್ತೆಂದು ಹತ್ತೊಂಬತ್ತನೆಯ ಶತಮಾನದ ಬರಹಗಳು ಹೇಳುತ್ತವೆ. ಪಟ್ಟಣದ ಕಂಟೋನ್ಮೆಂಟುಗಳಲ್ಲಿ ಸಿಪಾಯಿಗಳ ಮತ್ತು ಅಧಿಕಾರಿಗಳ ಸುತ್ತ ಬೆಳೆದ ಕ್ರೈಸ್ತ ಸಮುದಾಯಗಳಿಗೂ, ಹೇಮಾವತಿ ಬಯಲಿನಲ್ಲಿ ನೇಗಿಲು ಹಿಡಿದು ಕನ್ನಡದಲ್ಲಿ ಜಪಮಾಲೆ ಹೇಳುತ್ತಿದ್ದ ಒಕ್ಕಲು ಮಕ್ಕಳಿಗೂ ಇದ್ದ ಅಂತರ ದೊಡ್ಡದು, ಮತ್ತು ಶೆಟ್ಟಿಹಳ್ಳಿಯ ಚರ್ಚು ಏಕೆ ಇಷ್ಟು ಒಳನಾಡಿನ ಹಳ್ಳಿಯಲ್ಲಿ ಎದ್ದಿತೆಂಬುದಕ್ಕೆ ಉತ್ತರವೂ ಅದರಲ್ಲಿಯೇ ಇದೆ.

ಚರ್ಚನ್ನು ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದರು. ಆ ಹೊತ್ತಿಗೆ ಪಕ್ಕದ ಆಲೂರು, ಸಕಲೇಶಪುರಗಳ ಕಡೆ ಯುರೋಪಿಯನ್ನರ ಕಾಫಿ ತೋಟಗಳು ಹರಡುತ್ತಿದ್ದುದರಿಂದ, ಊರಿನ ಒಕ್ಕಲುಗಳ ಜೊತೆಗೆ ತೋಟದ ದೊರೆಗಳಿಗೂ ಇದು ಪೂಜೆಯ ತಾಣವಾಗಿತ್ತೆಂಬ ಮಾತಿದೆ. ಜಪಮಾಲೆ ಮಾತೆಗೆ, ಅಂದರೆ ಮಣಿಗಳನ್ನೆಣಿಸುತ್ತ ಮಾಡುವ ಪ್ರಾರ್ಥನೆಯ ಮಾತೆಯಾಗಿ ಮರಿಯಮ್ಮನಿಗೆ ಒಪ್ಪಿಸಿದ ಈ ಕಟ್ಟಡ ಗಾಥಿಕ್ ಶೈಲಿಯದು. ಹನ್ನೆರಡನೆಯ ಶತಮಾನದ ಫ್ರಾನ್ಸಿನಲ್ಲಿ ರೂಪುಗೊಂಡ ಆ ಶೈಲಿಯ ಗುರುತು ಮೊನಚು ಕಮಾನು: ಅರ್ಧವೃತ್ತದ ಕಮಾನಿನಲ್ಲಿ ಭಾರ ಹೆಚ್ಚಾಗಿ ಪಕ್ಕಕ್ಕೆ ಒತ್ತಿದರೆ, ಮೊನಚು ಕಮಾನಿನಲ್ಲಿ ಅದು ಹೆಚ್ಚು ನೇರವಾಗಿ ಕೆಳಗಿಳಿದು ಕಂಬಕ್ಕೆ ಸೇರುತ್ತದೆ, ಉಳಿದ ಒತ್ತಡವನ್ನು ಗೋಡೆಯ ಹೊರಮೈಗೆ ಆನಿಸಿ ಕಟ್ಟಿದ ಆಸರೆಗೋಡೆಗಳು ತಡೆಯುತ್ತವೆ. ಬೇಲೂರು ಹಳೇಬೀಡುಗಳಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ ಹೊರಿಸುವ ಕ್ರಮವನ್ನೇ ಶಿಖರಕ್ಕೇರಿಸಿದ ಜಿಲ್ಲೆಯಲ್ಲಿ, ಕಮಾನನ್ನೇ ನಂಬಿ ನಿಂತ ಈ ಕಟ್ಟಡ ಬೇರೊಂದು ಕಟ್ಟುಬುದ್ಧಿಯನ್ನು ತಂದಿತು. ಛಾವಣಿ ಹೋಗಿ, ದಶಕಗಳಿಂದ ನೀರು ತಿಂದ ಮೇಲೆಯೂ ಇದರ ಅಸ್ಥಿಪಂಜರ ಇಷ್ಟು ಕಾಲ ನಿಂತಿರುವುದರ ಕಾರಣ ಈ ಕಮಾನುಗಳಲ್ಲಿಯೇ ಇದೆ.

ಗೋಡೆಯ ಇಟ್ಟಿಗೆಗಳನ್ನು ಹಿಡಿದಿರುವ ಗಾರೆಯಲ್ಲಿ ಬೆಲ್ಲ ಮತ್ತು ಮೊಟ್ಟೆ ಬೆರೆತಿದೆಯೆಂದು ಊರಿನವರು ಹೇಳುತ್ತಾರೆ. ಕೇಳುವವರು ಇದನ್ನು ಕಟ್ಟುಕತೆಯೆಂದು ತಳ್ಳಿಹಾಕಬೇಕಾಗಿಲ್ಲ. ಸಿಮೆಂಟು ಬರುವ ಮುಂಚಿನ ಕಾಲದಲ್ಲಿ ಇದು ಗಾರೆ ಕೆಲಸದವರ ಸಾಮಾನ್ಯ ಕ್ರಮವೇ ಆಗಿತ್ತು. ಸುಟ್ಟ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ, ಮರಳಿನೊಡನೆ ಗಾರೆಯ ಗಾಣಕ್ಕೆ ಹಾಕಿ, ಅಂದರೆ ದುಂಡಗೆ ತೋಡಿದ ಕಾಲುವೆಯಲ್ಲಿ ಎತ್ತು ಎಳೆಯುವ ಕಲ್ಲಿನ ಗಾಲಿಯ ಅಡಿಯಲ್ಲಿ, ಬೆಣ್ಣೆಯಂತೆ ನುಣ್ಣಗಾಗುವವರೆಗೆ ಅರೆದು, ಅದಕ್ಕೆ ಬೆಲ್ಲದ ನೀರನ್ನೂ ಕೆಲವೆಡೆ ಅಳಲೆಕಾಯಿಯ ಕಷಾಯವನ್ನೂ ಮೊಟ್ಟೆಯ ಬಿಳಿಯನ್ನೂ ಕೂಡಿಸುತ್ತಿದ್ದರು. ಬೆಲ್ಲ ಗಾರೆಯನ್ನು ಹದವಾಗಿಡುತ್ತದೆ, ಬೇಗ ಒಣಗಿ ಬಿರಿಯದಂತೆ ತಡೆಯುತ್ತದೆ. ಆಮೇಲೆ ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರುತ್ತ ಹೀರುತ್ತ ವರ್ಷಗಟ್ಟಲೆ ಗಟ್ಟಿಯಾಗಿ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಉಸಿರಾಡುವ ಈ ಗಾರೆಗೆ ಮಳೆ ಬಂದು ಬಿಸಿಲು ಬಿದ್ದರೆ ತೊಂದರೆಯಿಲ್ಲ, ಆದರೆ ತಿಂಗಳುಗಟ್ಟಲೆ ನೀರಿನೊಳಗೆ ನೆನೆದು, ಆಮೇಲೆ ತಿಂಗಳುಗಟ್ಟಲೆ ಬಿಸಿಲಿನಲ್ಲಿ ಒಣಗುವ ಬಾಳನ್ನು ಅದನ್ನು ಅರೆದವರು ಊಹಿಸಿರಲಿಲ್ಲ. ನೆನೆದಾಗ ಸುಣ್ಣ ಸ್ವಲ್ಪ ಸ್ವಲ್ಪವೇ ಕರಗಿಹೋಗುತ್ತದೆ, ಒಣಗುವಾಗ ಒಳಗಿನ ಉಪ್ಪು ಇಟ್ಟಿಗೆಯ ಮುಖಕ್ಕೆ ಬಂದು ಹರಳುಗಟ್ಟಿ ಅದನ್ನು ಪುಡಿಗಟ್ಟುತ್ತದೆ. ಬೇಸಿಗೆಯಲ್ಲಿ ಹತ್ತಿರ ಹೋಗಿ ನೋಡಿದರೆ ಗೋಡೆಯ ಮೇಲೆ ನೀರು ಬಿಟ್ಟುಹೋದ ಮಟ್ಟದ ಗೆರೆಗಳು ಒಂದರ ಕೆಳಗೊಂದು ಕಾಣುತ್ತವೆ. ಗೋಡೆ ಸವೆದಿರುವುದು ತುದಿಗಿಂತ ಬುಡದಲ್ಲಿ ಹೆಚ್ಚು.

ಅಣೆಕಟ್ಟೆಯ ಚರಿತ್ರೆ ಹೊಳೆಯಷ್ಟೇ ಬಳಸುದಾರಿಯದು. ಕಾವೇರಿ ಮತ್ತು ಅದರ ಉಪನದಿಗಳಿಗೆ ಮೈಸೂರು ಸಂಸ್ಥಾನವು ಮದ್ರಾಸಿನ ಒಪ್ಪಿಗೆಯಿಲ್ಲದೆ ಹೊಸ ಕಟ್ಟೆ ಕಟ್ಟದಂತೆ 1892ರ ಒಪ್ಪಂದ ತಡೆದಿತ್ತು. 1924ರಲ್ಲಿ ಎರಡನೆಯ ಒಪ್ಪಂದವಾಗಿ, ಅದರ ಕೆಲವು ಷರತ್ತುಗಳನ್ನು 50 ವರ್ಷಗಳ ಬಳಿಕ ಮರುಪರಿಶೀಲಿಸಬಹುದೆಂದು ಗೊತ್ತಾಯಿತು. ಆ ಅವಧಿ ಮುಗಿಯುವ ಮೊದಲೇ, 1968ರಲ್ಲಿ, ರಾಜ್ಯವು ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆಯನ್ನು ಕೈಗೊಂಡಿತು; ತಮಿಳುನಾಡಿನ ವಿರೋಧದಿಂದಾಗಿ ಯೋಜನಾ ಆಯೋಗದ ಮಂಜೂರಾತಿ ದೊರೆಯದೆ ಹೋದಾಗ ಕೇಂದ್ರದ ನೆರವಿಲ್ಲದೆ ತನ್ನ ಬೊಕ್ಕಸದಿಂದಲೇ ಹಣ ಹಾಕಿ ಕೆಲಸ ಮುಂದುವರಿಸಿತು. 1979ರಲ್ಲಿ ಮುಗಿದ ಈ ಅಣೆಕಟ್ಟೆಯ ಉದ್ದ 4692 ಮೀಟರ್, ಎತ್ತರ ಸುಮಾರು 58 ಮೀಟರ್. ಪೂರ್ಣ ಮಟ್ಟ ಸಮುದ್ರಮಟ್ಟದಿಂದ 2922 ಅಡಿ, ಹಿಡಿಯುವ ನೀರು 37.10 ಟಿಎಂಸಿ. ಒಂದು ಟಿಎಂಸಿಯೆಂದರೆ ನೂರು ಕೋಟಿ ಘನ ಅಡಿ. ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಅಚ್ಚುಹಾಕುವ ಈ 2922 ಎಂಬ ಅಂಕಿಯನ್ನು ಜಿಲ್ಲೆಯ ರೈತರು ಬಾಯಿಪಾಠ ಬಲ್ಲರು. ಶೆಟ್ಟಿಹಳ್ಳಿಯ ನೆಲ ಆ ಅಂಕಿಗಿಂತ ಕೆಳಗಿತ್ತು.

ನೀರು ನಿಂತು ಊರು ಹೋಗುವುದಕ್ಕೆ ಈ ಸೀಮೆಯಲ್ಲಿ ಇರುವ ಮಾತು 'ಮುಳುಗಡೆ'. ಇಂಗ್ಲಿಷರ ಕಾಲದ 1894ರ ಭೂಸ್ವಾಧೀನ ಕಾಯ್ದೆಯೇ ಆಗ ಜಾರಿಯಲ್ಲಿತ್ತು. ಅದು ನೆಲಕ್ಕೆ, ಮನೆಗೆ, ಮರಕ್ಕೆ ಬೆಲೆ ಕಟ್ಟಿ ಪರಿಹಾರ ಕೊಡುವುದನ್ನು ಹೇಳುತ್ತಿತ್ತೇ ವಿನಾ ಒಕ್ಕಲೆದ್ದವರಿಗೆ ಹೊಸ ಬದುಕು ಕಟ್ಟಿಕೊಡುವ ಹೊಣೆಯನ್ನು ಹೇಳುತ್ತಿರಲಿಲ್ಲ, ಅಂಥ ಹೊಣೆಯನ್ನು ಹೊರಿಸುವ ಕಾನೂನು ದೇಶಕ್ಕೆ ಬಂದದ್ದು 2013ರಲ್ಲಿ. ಮುಳುಗಡೆಯಾದವರಿಗಾಗಿ ಗೊತ್ತುಮಾಡಿದ ಜಮೀನುಗಳನ್ನು ಹಾಸನದ ತಾಲ್ಲೂಕು ಕಚೇರಿಗಳಲ್ಲಿ ಇಂದಿಗೂ 'ಎಚ್‌ಆರ್‌ಪಿ ಜಮೀನು' ಎಂದು, ಹೇಮಾವತಿ ಜಲಾಶಯ ಯೋಜನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಕರೆಯುತ್ತಾರೆ. ಎಂಟು ಸಾವಿರ ಹೆಕ್ಟೇರಿಗೂ ಹೆಚ್ಚು ಹರಡಿದ ನೀರಿನ ಅಡಿಯಲ್ಲಿ ಹೋದ ಗದ್ದೆ, ತೋಪು, ಗುಡಿ, ಗೋಮಾಳ, ಸಮಾಧಿಗಳ ಪೈಕಿ ಹೊರಗಿನವರ ಕಣ್ಣಿಗೆ ಬೀಳುವಂತೆ ಉಳಿದದ್ದು ಈ ಚರ್ಚೊಂದೇ. ಎತ್ತರವಾಗಿ ಕಟ್ಟಿದ್ದರಿಂದ ಅದು ಉಳಿಯಿತು. ಮಣ್ಣಿನ ಗೋಡೆಯ ಮನೆಗಳು ಮೊದಲನೆಯ ಮಳೆಗಾಲದಲ್ಲೇ ಕರಗಿರಬೇಕು. ಹೀಗಾಗಿ ಇಲ್ಲಿ ನಿಂತಿರುವ ಗೋಡೆಗಳನ್ನು ಒಂದು ಮತದವರ ಗುಡಿಯೆಂದಷ್ಟೇ ನೋಡದೆ, ಹೆಸರಿಲ್ಲದೆ ಮುಳುಗಿದ ಎಲ್ಲ ಊರುಗಳ ಪರವಾಗಿ ನಿಂತ ಗುರುತುಗಲ್ಲೆಂದು ನೋಡುವುದು ನ್ಯಾಯ.

ಮುಳುಗಡೆಯಾದ ಎಲ್ಲ ಪೂಜಾಸ್ಥಳಗಳ ಗತಿ ಒಂದೇ ಬಗೆಯದಲ್ಲ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ದಶಕಗಳ ಕಾಲ ಮುಳುಗಿ ಏಳುತ್ತಿದ್ದ ಕಣ್ಣಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ನಮ್ಮ ಕಾಲದಲ್ಲಿ ಕಲ್ಲುಕಲ್ಲಾಗಿ ಬಿಚ್ಚಿ, ಪ್ರತಿ ಕಲ್ಲಿಗೂ ಗುರುತು ಹಾಕಿ, ಹೊಸ ಕಣ್ಣಂಬಾಡಿಯ ದಡದಲ್ಲಿ ಮತ್ತೆ ಜೋಡಿಸಲಾಗಿದೆ. ಚಪ್ಪಡಿ, ತೊಲೆ, ಕಂಬಗಳು ಒಂದರ ಮೇಲೊಂದು ತಮ್ಮ ಭಾರದಿಂದಲೇ ಕೂತಿರುವ ಹೊಯ್ಸಳ ಕಾಲದ ಕಟ್ಟಡಕ್ಕೆ ಇದು ಸಾಧ್ಯವಾಯಿತು. ಇಟ್ಟಿಗೆ ಮತ್ತು ಗಾರೆ ಒಂದೇ ಮೈಯಾಗಿ ಗಟ್ಟಿಗೊಂಡ ಗೋಡೆಯನ್ನು ಹಾಗೆ ಬಿಚ್ಚಲು ಬರುವುದಿಲ್ಲ, ಬಿಚ್ಚಿದರೆ ಕೈಗೆ ಸಿಗುವುದು ಜಲ್ಲಿ. ಆದ್ದರಿಂದ ಶೆಟ್ಟಿಹಳ್ಳಿಯ ಚರ್ಚನ್ನು ಉಳಿಸುವ ಬಗೆಯನ್ನು ಹುಡುಕುವವರು ಕಣ್ಣಂಬಾಡಿಯ ಕಡೆಗಲ್ಲ, ರಷ್ಯಾದ ಕಲ್ಯಾಜಿನ್ ಪಟ್ಟಣದ ಕಡೆಗೆ ನೋಡಬೇಕಾಗುತ್ತದೆ. ಅಲ್ಲಿ ವೋಲ್ಗಾ ನದಿಗೆ ಕಟ್ಟಿದ ಉಗ್ಲಿಚ್ ಜಲಾಶಯದಲ್ಲಿ 1940ರ ಆಸುಪಾಸಿನಲ್ಲಿ ಮುಳುಗಿದ ಚರ್ಚಿನ ಗಂಟೆಗೋಪುರವೊಂದು ನೀರಿನ ನಡುವೆ ಒಂಟಿಯಾಗಿ ಉಳಿಯಿತು. ಅದರ ಬುಡ ಸವೆಯತೊಡಗಿದಾಗ ಸುತ್ತ ಮಣ್ಣು ತುಂಬಿ ಪುಟ್ಟದೊಂದು ದ್ವೀಪವನ್ನೇ ಮಾಡಿ ಬುಡವನ್ನು ಭದ್ರಪಡಿಸಿದರು. ಇಟಲಿಯ ಆಲ್ಪ್ಸ್ ಸೀಮೆಯ ಕ್ಯುರಾನ್ ಎಂಬ ಊರು 1950ರಲ್ಲಿ ರೆಸಿಯಾ ಸರೋವರದಲ್ಲಿ ಮುಳುಗಿದಾಗ ಉಳಿದ ಹದಿನಾಲ್ಕನೆಯ ಶತಮಾನದ ಗೋಪುರವನ್ನೂ ಹೀಗೆಯೇ ದುರಸ್ತಿ ಮಾಡಿ ಕಾಪಾಡಿದ್ದಾರೆ. ಒಂದೇ ಗೋಪುರವನ್ನು ಕಾಯುವುದಕ್ಕಿಂತ ಉದ್ದನೆಯ ಗೋಡೆಗಳ ಸಾಲನ್ನು ಕಾಯುವುದು ಕಷ್ಟವೇ ಸರಿ, ಆದರೆ ಬುಡದ ಇಟ್ಟಿಗೆಗಳಿಗೆ ಸುಣ್ಣದ ಗಾರೆಯಿಂದಲೇ ಒತ್ತು ಕೊಡುವ ಕೆಲಸ ಬೇಸಿಗೆಯ ಮೂರು ತಿಂಗಳಲ್ಲಿ ಆಗಬಹುದಾದದ್ದು, ಮತ್ತು ಅದು ತಡವಾದಷ್ಟೂ ಕಾಯಬೇಕಾದ ಗೋಡೆಯೇ ಕಡಿಮೆಯಾಗುತ್ತ ಹೋಗುತ್ತದೆ.

ಈ ಜಾಗದ ವರ್ಷ ಪಂಚಾಂಗಕ್ಕಿಂತ ಜಲಾಶಯದ ಮಟ್ಟವನ್ನು ಅನುಸರಿಸಿ ನಡೆಯುತ್ತದೆ. ಘಟ್ಟದಲ್ಲಿ ಜೂನ್ ತಿಂಗಳಲ್ಲಿ ಮಳೆ ಹಿಡಿದ ಮೇಲೆ ಹಿನ್ನೀರು ದಿನಕ್ಕಿಷ್ಟು ಎಂದು ಏರುತ್ತ, ಮಳೆ ಚೆನ್ನಾಗಿ ಆದ ವರ್ಷ ಜುಲೈ–ಆಗಸ್ಟ್ ವೇಳೆಗೆ ಚರ್ಚಿನ ಬಾಗಿಲುಗಳನ್ನು ತುಂಬಿ, ಅಕ್ಟೋಬರಿನವರೆಗೂ ನಿಂತಿರುತ್ತದೆ. ನಾಲೆಗಳಿಗೆ ನೀರು ಬಿಡುತ್ತ ಬಂದಂತೆ ಚಳಿಗಾಲದಲ್ಲಿ ಇಳಿಯತೊಡಗಿ, ಬೇಸಿಗೆಯಲ್ಲಿ ನೆಲ ಬಿಡುತ್ತದೆ. ನೀರಿಳಿದ ಅಂಚಿನ ತೆಳ್ಳನೆಯ ಕೆಸರಿನಲ್ಲಿ ಬೆಳ್ಳಕ್ಕಿಗಳು ಮೀನು ಹೆಕ್ಕುತ್ತವೆ, ಕಮಾನುಗಳ ತುದಿಯಲ್ಲಿ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತವೆ, ಇಟ್ಟಿಗೆಯ ಸಂದುಗಳಲ್ಲಿ ಅರಳಿ, ಆಲದ ಸಸಿಗಳು ಬೇರಿಳಿಸುತ್ತವೆ. ಹಕ್ಕಿಗಳು ಹಿನ್ನೀರಿನ ಲಾಭ; ಅರಳಿಯ ಬೇರು ಗೋಡೆಗೆ ನೀರಿಗಿಂತ ದೊಡ್ಡ ಹಗೆ. ಜಪಮಾಲೆ ಮಾತೆಯ ಹಬ್ಬವನ್ನು ಕ್ಯಾಥೊಲಿಕ್ ಸಭೆ ಆಚರಿಸುವುದು ಅಕ್ಟೋಬರ್ 7ರಂದು. ಜಲಾಶಯ ತುಂಬಿದ ವರ್ಷಗಳಲ್ಲಿ ಆ ದಿನ ಮಾತೆಯ ಹೆಸರಿನ ಈ ಚರ್ಚಿನೊಳಗೆ ಯಾರೂ ಕಾಲಿಡಲಾಗದಂತೆ ನೀರಿರುತ್ತದೆ.

ಒಂದು ದಿನದ ಮಟ್ಟಿಗೆ ಇದನ್ನು ನೋಡಲು ಹೊರಡುವವರಿಗೆ ದಾರಿ ತೋರುವವರು ಚರ್ಚಿನ ಬಳಿಯೇ ಯಾತ್ರೆಯನ್ನು ಮುಗಿಸದೆ ನೀರಿನ ಜಾಡನ್ನು ಹಿಡಿದು ಕೊನೆಯವರೆಗೆ ಕರೆದೊಯ್ದರೆ ಒಳ್ಳೆಯದು. ಬೆಳಗಿನ ಎಳೆಬಿಸಿಲಿನಲ್ಲಿ ಶೆಟ್ಟಿಹಳ್ಳಿಯ ಗೋಡೆಗಳನ್ನು, ಮಳೆಗಾಲವಾದರೆ ದಡದಿಂದಲೇ, ನೋಡಿ, ಅಲ್ಲಿಂದ ಗೊರೂರಿಗೆ ಹೋದರೆ ಹೊಳೆಯ ದಡದ ಯೋಗಾನರಸಿಂಹನ ಗುಡಿಯೂ, ಹಳ್ಳಿಯ ಬದುಕನ್ನು ಕನ್ನಡದ ಗದ್ಯದಲ್ಲಿ ನೆಲೆಗೊಳಿಸಿದ ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರೂ, ಅವರು ಕಂಡ ಹೊಳೆಗೆ ಅಡ್ಡನಿಂತ ಅಣೆಕಟ್ಟೆಯೂ ಒಟ್ಟಿಗೆ ಸಿಗುತ್ತವೆ. ಅಣೆಕಟ್ಟೆಯಿಂದ ಹೊರಡುವ ಬಲದಂಡೆಯ ಮತ್ತು ಬಲ ಮೇಲ್ದಂಡೆಯ ನಾಲೆಗಳು ಅರಕಲಗೂಡು, ಹೊಳೆನರಸೀಪುರಗಳ ಕಡೆಗೆ ತಿರುಗಿದರೆ, ಎಡದಂಡೆಯ ನಾಲೆ ಮೂಡಣಕ್ಕೆ ಮುಖಮಾಡುತ್ತದೆ. ಹೊಳೆನರಸೀಪುರದಲ್ಲಿ ಶ್ರೀರಾಮದೇವರ ಕಟ್ಟೆಯ ಮೇಲೆ ನೀರು ತೆಳ್ಳಗೆ ಹಾರಿಹೋಗುವುದನ್ನು ನೋಡಿದವರಿಗೆ ಹಳೆಯ ಕಟ್ಟೆಗೂ ಹೊಸ ಅಣೆಕಟ್ಟೆಗೂ ಇರುವ ಅಂತರವನ್ನು ಮತ್ತೆ ವಿವರಿಸಬೇಕಾಗುವುದಿಲ್ಲ.

ಬೈಗಿನ ಹೊತ್ತಿಗೆ ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರನ್ನು ತಲಪಿದರೆ, ಎಡದಂಡೆಯ ನೀರಿಗೆ ಅಡ್ಡಲಾಗಿ ನೆಲ ಏರಿನಿಂತಿರುವುದು ಕಾಣುತ್ತದೆ. ಆ ಏರನ್ನು ಬಳಸಿ ಹೋಗಲು ದಾರಿಯಿಲ್ಲದೆ, ಬಾಗೂರಿನಿಂದ ನವಿಲೆಯವರೆಗೆ ಹಲವು ಕಿಲೋಮೀಟರ್ ಉದ್ದದ ಸುರಂಗವನ್ನು ಬಂಡೆಯೊಳಗೆ ಕೊರೆದು ನೀರನ್ನು ತುಮಕೂರಿನ ಕಡೆಗೆ ಹಾಯಿಸಿದ್ದಾರೆ. ನಾಲೆ ಬಿಟ್ಟಿರುವ ದಿನವಾದರೆ, ಸುರಂಗದ ಬಾಯಲ್ಲಿ ಮಲೆನಾಡಿನ ಕೆಂಪು ಬೆರೆತ ನೀರು ಸದ್ದಿಲ್ಲದೆ ಒಳಗೆ ಸರಿದುಹೋಗುತ್ತಿರುತ್ತದೆ.